ಕಾಗೆ ಹಾರಿಹೋದ ಮನೆ: ಗುಣವಾಚಕಗಳ ನಡತೆ ಕುರಿತು ಒಂದು ಕಿರು ಮಹಾಪ್ರಬಂಧ

ಕೇಶಿರಾಜ 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆಯುವಾಗ ಒಂದು ಶಿಸ್ತು ಇಟ್ಟುಕೊಂಡಿದ್ದ. ಮೊದಲು ಕಂದಪದ್ಯದಲ್ಲಿ ಸೂತ್ರ. ಅದರ ಬೆನ್ನಿಗೆ ಗದ್ಯದಲ್ಲಿ ವೃತ್ತಿ. ಆಮೇಲೆ ಹಿಂದಿನ ಕವಿಗಳಿಂದ ಆಯ್ದ ಪ್ರಯೋಗ. ಅವನ ತಂದೆ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ ಎಂಬ ಪದ್ಯಸಂಕಲನ ಮಾಡಿದವನು, ಸೋದರಮಾವ ಜನ್ನ ‘ಯಶೋಧರಚರಿತೆ’ ಬರೆದವನು. ಪ್ರಯೋಗ ಬೇಕೆಂದರೆ ಮನೆಯ ಹೊಸ್ತಿಲು ದಾಟುವ ಪ್ರಮೇಯವೇ ಇರಲಿಲ್ಲ. ಪ್ರಸ್ತುತ ಪ್ರಬಂಧದ ಕರ್ತೃವಿಗೆ ಅಂಥ ಮನೆತನದ ಬೆಂಬಲ ಇಲ್ಲ. ಹೀಗಾಗಿ ಪ್ರಯೋಗಗಳನ್ನು ಬಸ್ಸಿನ ಬೋರ್ಡು, ಹೋಟೆಲಿನ ದರಪಟ್ಟಿ ಮತ್ತು ಜಿಲ್ಲಾ ನಕ್ಷೆಗಳಿಂದ ಎತ್ತಿಕೊಳ್ಳಲಾಗಿದೆ. ಶಿಸ್ತು ಮಾತ್ರ ಕೇಶಿರಾಜನದೇ.

ವಿಷಯ ಇಷ್ಟು. ಹೈಸ್ಕೂಲು ಮೆಟ್ಟಿಲು ಹತ್ತಿದ ಕನ್ನಡಿಗರೆಲ್ಲರೂ ನಾಮಪದದ ಬಗೆಗಳನ್ನು ಉರು ಹೊಡೆದಿರುತ್ತಾರೆ. ನದಿ, ಬೆಟ್ಟ, ಊರು ಎಂಬವು ರೂಢನಾಮ. ಕಾವೇರಿ, ನಂದಿಬೆಟ್ಟ, ಬೀದರ್ ಎಂಬವು ಅಂಕಿತನಾಮ. ಜಾಣ, ವಿದ್ವಾಂಸ, ವ್ಯಾಪಾರಿ ಅನ್ವರ್ಥನಾಮ. ಹೊಸ, ಹಳೆಯ, ದೊಡ್ಡ, ಚಿಕ್ಕ ಮುಂತಾದವು ಗುಣವಾಚಕ. ವಿಶೇಷ್ಯದ ಗುಣ ಎಂಥದ್ದೆಂದು ಹೇಳುವುದು ಅವುಗಳ ಉದ್ಯೋಗ. ಪರೀಕ್ಷೆಯಲ್ಲಿ ಇದಕ್ಕೆ ಒಂದು ಅಂಕ. ಆ ಒಂದು ಅಂಕವನ್ನು ಗಿಟ್ಟಿಸಿಕೊಂಡು ಹೊರಬಿದ್ದ ವಿದ್ಯಾರ್ಥಿ ಬಸ್ಸು ಹತ್ತಿ ರಾಜ್ಯ ಸುತ್ತತೊಡಗಿದರೆ, ಗುಣವಾಚಕಗಳು ತಮ್ಮ ಉದ್ಯೋಗವನ್ನು ಎಂದೋ ಬಿಟ್ಟಿರುವುದು ಕಣ್ಣಿಗೆ ಬೀಳುತ್ತದೆ. ಬಿಟ್ಟು ಏನು ಮಾಡುತ್ತಿವೆ ಎಂಬುದೇ ಇಲ್ಲಿನ ಶೋಧ.

ಸೂತ್ರ 1: ಊರ ಹೆಸರಿಗೆ ಸೇರಿದ ‘ದೊಡ್ಡ’ ಬೆಳೆಯದು, ‘ಚಿಕ್ಕ’ದ ಬೆಳವಣಿಗೆಗೆ ತಡೆ ಇರದು.

ವೃತ್ತಿ: ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಎಂಬ ಎರಡು ಊರುಗಳಿವೆ. ವ್ಯಾಕರಣ ಓದಿದವರು ಯಾವುದು ಜಿಲ್ಲಾ ಕೇಂದ್ರವೆಂದು ಊಹಿಸಿದರೆ ತಪ್ಪುವುದು ಖಂಡಿತ. 2007ರಲ್ಲಿ ಕೋಲಾರವನ್ನು ಒಡೆದು ಹೊಸ ಜಿಲ್ಲೆ ಮಾಡಿದಾಗ ಆ ಭಾಗ್ಯ ಚಿಕ್ಕಬಳ್ಳಾಪುರದ ಪಾಲಾಯಿತು. ದೊಡ್ಡದು ಇವತ್ತಿಗೂ ಒಂದು ತಾಲ್ಲೂಕು. ಇದು ಕಾಕತಾಳೀಯ ಎನ್ನುವವರು ಮಲೆನಾಡಿಗೆ ಬರಬೇಕು. ಸಖರಾಯಪಟ್ಟಣದ ರುಕ್ಮಾಂಗದ ದೊರೆ ಹಿರಿಯ ಮಗಳಿಗೆ ಒಂದೂರನ್ನೂ ಕಿರಿಯ ಮಗಳಿಗೆ ಇನ್ನೊಂದೂರನ್ನೂ ಬಳುವಳಿ ಕೊಟ್ಟನೆಂದು ಸ್ಥಳಪುರಾಣ ಹೇಳುತ್ತದೆ. ಹಿರಿಮಗಳ ಊರು ಹಿರೇಮಗಳೂರು, ಕಿರಿಮಗಳ ಊರು ಚಿಕ್ಕಮಗಳೂರು. ಕಿರಿಯವಳ ಊರಿಗೆ ಜಿಲ್ಲಾಧಿಕಾರಿ, ಜಿಲ್ಲಾ ನ್ಯಾಯಾಲಯ, ಕಾಫಿ ವ್ಯಾಪಾರ ಎಲ್ಲವೂ ಒಲಿದು ಬಂದವು. ಹಿರಿಯವಳ ಊರು ಈಗ ಅದರ ಅಂಚಿನ ಬಡಾವಣೆ. ಆದರೂ ಅಲ್ಲಿನ ಕೋದಂಡರಾಮ ದೇವಸ್ಥಾನದಲ್ಲಿ ಪೂಜೆ ಕನ್ನಡದಲ್ಲಿ ನಡೆಯುತ್ತದೆ ಎಂಬ ಹೆಮ್ಮೆಯನ್ನು ತಂಗಿಯ ಊರಿಗೆ ಬಿಟ್ಟುಕೊಟ್ಟಿಲ್ಲ.

ಬೆಳಗಾವಿ ಜಿಲ್ಲೆಯಲ್ಲೂ ಇದೇ ಕಥೆ. ಚಿಕ್ಕೋಡಿ ತಾಲ್ಲೂಕು ಕೇಂದ್ರ, ಸಾಲದ್ದಕ್ಕೆ ಲೋಕಸಭಾ ಕ್ಷೇತ್ರ. ಹಿರೇಕೋಡಿ ಅದೇ ತಾಲ್ಲೂಕಿನ ಒಂದು ಹಳ್ಳಿ.

ಬೆಂಗಳೂರಿನ ಪೇಟೆಯೊಳಗೆ ಪ್ರಯೋಗ ಇನ್ನಷ್ಟು ಕರುಣಾಜನಕ. ಕೆಂಪೇಗೌಡ 1537ರಲ್ಲಿ ಊರು ಕಟ್ಟಿಸಿದಾಗ ನಾಲ್ಕು ಜೋಡಿ ಎತ್ತುಗಳನ್ನು ಹೂಡಿ ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿದ್ದು ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಕೂಡುವ ಚೌಕದಿಂದ ಎಂದು ಹೇಳುತ್ತಾರೆ. ಎರಡೂ ಒಂದೇ ಮುಹೂರ್ತದಲ್ಲಿ ಹುಟ್ಟಿದವು. ಚಿಕ್ಕಪೇಟೆ ರೇಷ್ಮೆ ಸೀರೆಯ ಜೊತೆಗೆ ಹೆಸರನ್ನೂ ಉಳಿಸಿಕೊಂಡು, ಕೊನೆಗೆ ಭೂಮಿಯ ಕೆಳಗೆ ಒಂದು ಮೆಟ್ರೊ ನಿಲ್ದಾಣವನ್ನೂ ಸಂಪಾದಿಸಿತು. ದೊಡ್ಡಪೇಟೆ ಎಲ್ಲಿ ಎಂದು ಅದೇ ಬೀದಿಯಲ್ಲಿ ಪುಸ್ತಕ ಕೊಳ್ಳಲು ಬಂದವರನ್ನು ಕೇಳಿದರೆ ತಬ್ಬಿಬ್ಬಾಗುತ್ತಾರೆ. ಅದು ಅವೆನ್ಯೂ ರೋಡ್ ಆಗಿ ಎಷ್ಟೋ ಕಾಲವಾಯಿತು.

ಸೂತ್ರ ಮನುಷ್ಯರಿಗೂ ಅನ್ವಯಿಸುತ್ತದೆಯೇ ಎಂದು ಪೂರ್ವಪಕ್ಷದವರು ಕೇಳುತ್ತಾರೆ. ಅನ್ವಯಿಸುತ್ತದೆ. ಮೈಸೂರಿನ ದೊಡ್ಡದೇವರಾಜ ಒಡೆಯರು ಆಳಿದ್ದು 1659ರಿಂದ 1673ರವರೆಗೆ. ಆಮೇಲೆ ಬಂದ ಚಿಕ್ಕದೇವರಾಜ ಒಡೆಯರು 1704ರವರೆಗೆ, ಅಂದರೆ ಎರಡು ಪಟ್ಟಿಗೂ ಹೆಚ್ಚು ಕಾಲ ಆಳಿದರು. ಬೆಂಗಳೂರನ್ನು ಮೊಘಲರಿಂದ 3 ಲಕ್ಷ ರೂಪಾಯಿಗೆ ಪಡೆದವರು, ಆಡಳಿತಕ್ಕೆ 18 ಇಲಾಖೆಗಳ ಅಠಾರಾ ಕಚೇರಿ ಮಾಡಿದವರು ಈ ‘ಚಿಕ್ಕ’ ದೊರೆಯೇ. ದೊಡ್ಡದೇವರಾಜರಿಗೆ ಅನ್ಯಾಯವಾಗಬಾರದು: ಚಾಮುಂಡಿ ಬೆಟ್ಟದ ಏಕಶಿಲಾ ನಂದಿ ಅವರ ಕಾಲದ್ದು, ಅದು ನಿಜಕ್ಕೂ ದೊಡ್ಡದು.

ಕೊಡಗಿನಲ್ಲಿ ಫಲಿತಾಂಶ ತುಸು ತೊಡಕಾಗಿದೆ. ದೊಡ್ಡ ವೀರರಾಜೇಂದ್ರ ಟಿಪ್ಪುವಿನೊಡನೆ ಹೋರಾಡಿ ನಾಡು ಉಳಿಸಿಕೊಂಡವನು. ಚಿಕ್ಕ ವೀರರಾಜೇಂದ್ರ 1834ರಲ್ಲಿ ಅದನ್ನು ಇಂಗ್ಲಿಷರಿಗೆ ಕಳೆದುಕೊಂಡವನು. ಇಲ್ಲಾದರೂ ದೊಡ್ಡವನು ಗೆದ್ದ ಎನ್ನುವಷ್ಟರಲ್ಲಿ ಮಾಸ್ತಿಯವರು ‘ಚಿಕವೀರ ರಾಜೇಂದ್ರ’ ಕಾದಂಬರಿ ಬರೆದರು. 1983ರಲ್ಲಿ ಅದಕ್ಕೆ ಜ್ಞಾನಪೀಠ ಬಂತು. ರಾಜ್ಯ ಹೋದರೂ ಸೂತ್ರ ಉಳಿಯಿತು. ಸಮಾನಾರ್ಥಕಗಳನ್ನು ಸೇರಿಸಿಕೊಂಡರೆ ಪುರಾವೆ ಮತ್ತೂ ಗಟ್ಟಿಯಾಗುತ್ತದೆ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ರಾಷ್ಟ್ರಕವಿ ಪುಟ್ಟಪ್ಪ. ‘ನಾಗರಹಾವು’ ನಿರ್ದೇಶಿಸಿದವರು ಪುಟ್ಟಣ್ಣ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸುತ್ತ ಬಾಳು ಸವೆಸಿದವರು ಪುಟ್ಟರಾಜ ಗವಾಯಿ. ಇಷ್ಟೆತ್ತರದ ಸಾಧನೆಗೆ ಹೊಂದುವ ‘ದೊಡ್ಡಪ್ಪ’, ‘ದೊಡ್ಡಣ್ಣ’ ಎಷ್ಟು ಮಂದಿ ಇದ್ದಾರೆಂದು ಎಣಿಸುವ ಕೆಲಸವನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

ಅಪವಾದ: ಹಾವೇರಿ ಜಿಲ್ಲೆ. ಅಲ್ಲಿ ಹಿರೇಕೆರೂರು ತಾಲ್ಲೂಕು ಕೇಂದ್ರ; ಚಿಕ್ಕೇರೂರು ಅದರಡಿಯ ಊರು. ಇಂಥ ಕಡೆ ಪಾಣಿನಿ ‘ಬಹುಲಂ’ ಎಂದು ಹೇಳಿ ಮುಂದೆ ಹೋಗುತ್ತಿದ್ದ. ಪಾಣಿನಿಗೆ ಸಲ್ಲುವುದು ಇಲ್ಲಿಗೂ ಸಲ್ಲಬೇಕು.

ಇದಕ್ಕೆ ಕಾರಣವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಯಾವುದೇ ಕೂಡುಕುಟುಂಬದ ಜಗಲಿಯ ಮೇಲೆ ಸಿಗುತ್ತದೆ. ದೊಡ್ಡಪ್ಪನ ಎತ್ತರ ಐದಡಿ, ಚಿಕ್ಕಪ್ಪನದು ಆರಡಿ. ದೊಡ್ಡಮ್ಮ ಕಡ್ಡಿಯಂತಿದ್ದಾರೆ, ಚಿಕ್ಕಮ್ಮ ಬಾಗಿಲ ತುಂಬ ಬರುತ್ತಾರೆ. ಇದರ ಬಗ್ಗೆ ಈವರೆಗೆ ಯಾವ ಮನೆಯ ಮಗುವೂ ವ್ಯಾಕರಣದ ತಕರಾರು ತೆಗೆದಿಲ್ಲ. ಅಲ್ಲಿ ‘ದೊಡ್ಡ’ ಅಳತೆಯಲ್ಲ, ಸರದಿ. ಇಬ್ಬರಲ್ಲಿ ಯಾರು ಯಾರು ಎಂದು ಗುರುತು ಸಿಕ್ಕರೆ ಸಾಕು, ಪದದ ಕೆಲಸ ಮುಗಿಯಿತು. ಊರುಗಳಿಗೂ ಅಷ್ಟೆ: ಒಂದೇ ಹೆಸರಿನ ಎರಡು ಊರಿನ ನಡುವೆ ಗೆರೆ ಎಳೆಯಲು ‘ದೊಡ್ಡ’, ‘ಚಿಕ್ಕ’ ಬಂದವು. ಆಮೇಲೆ ಯಾವ ಊರು ಎಷ್ಟು ಉಬ್ಬಿತು, ಎಷ್ಟು ಸೊರಗಿತು ಎಂಬುದು ಅವುಗಳ ತಲೆನೋವಲ್ಲ. ವೈಯಾಕರಣರು ‘ಗುಣ’ ಎಂದು ಕರೆದದ್ದನ್ನು ಜನ ‘ಗುರುತು’ ಮಾಡಿಕೊಂಡಿದ್ದಾರೆ.

‘ದೊಡ್ಡ’ ಎಂಬ ಪದ ಇಂದಿಗೂ ತನ್ನ ಮಾತಿಗೆ ಬದ್ಧವಾಗಿ ಉಳಿದಿರುವ ಒಂದು ತಾಣ ರಾಮೋಹಳ್ಳಿ ಸಮೀಪದ ದೊಡ್ಡ ಆಲದ ಮರ. ಸುಮಾರು ಮೂರು ಎಕರೆ ಹಬ್ಬಿದೆ, ದೊಡ್ಡದೇ. ಆದರೆ ಅದರ ಮೂಲ ಕಾಂಡ ರೋಗ ಬಿದ್ದು ಸತ್ತುಹೋಗಿ, ಬಿಳಲುಗಳೇ ಬೇರು ಬಿಟ್ಟು ಬೇರೆ ಬೇರೆ ಮರಗಳಂತೆ ನಿಂತಿವೆ. ವಿಶೇಷಣ ಗಟ್ಟಿಯಾಗಿದೆ, ಈಗ ಏಕವಚನದ್ದೇ ಅನುಮಾನ.

ಸೂತ್ರ 2: ‘ಹೊಸ’ಕ್ಕೆ ವಯಸ್ಸಾಗದು.

ಇದರ ಪ್ರಯೋಗಗಳಿಗೆ ಬರವಿಲ್ಲ. ಪೋರ್ಚುಗೀಸ್ ಪ್ರವಾಸಿ ದೊಮಿಂಗೋ ಪಾಯೆಸ್ 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಾಗ ಕೃಷ್ಣದೇವರಾಯ ತನ್ನ ಪ್ರೀತಿಯ ರಾಣಿಗಾಗಿ ಕಟ್ಟಿಸಿದ ಹೊಸ ಪಟ್ಟಣವನ್ನು ಕಂಡು ಬರೆದಿದ್ದಾನೆ. ಆ ಪಟ್ಟಣ ಇವತ್ತಿಗೂ ಹೊಸಪೇಟೆಯೇ. ಸಾಮ್ರಾಜ್ಯ 1565ರಲ್ಲಿ ಮುರಿದುಬಿತ್ತು, ಹಂಪಿ ಹಾಳಾಯಿತು, ತುಂಗಭದ್ರೆಗೆ ಅಣೆಕಟ್ಟು ಬಂತು. ಪೇಟೆ ಮಾತ್ರ ಹೊಸದಾಗಿಯೇ ಉಳಿಯಿತು. 2014ರ ನವೆಂಬರ್ 1ರಂದು ಸರ್ಕಾರ 12 ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿ ತಿದ್ದಿದಾಗ ‘ಹಾಸ್ಪೆಟ್’ ಹೋಗಿ ಅಲ್ಲೂ ‘ಹೊಸಪೇಟೆ’ ಆಯಿತು. ಐನೂರು ವರ್ಷದ ಹಳೇ ಊರಿನ ಹೊಸತನಕ್ಕೆ ಸರ್ಕಾರಿ ಮೊಹರು ಬಿದ್ದದ್ದು ಹೀಗೆ. 2021ರಲ್ಲಿ ಅದು ರಾಜ್ಯದ 31ನೇ ಜಿಲ್ಲೆಯ ಕೇಂದ್ರವೂ ಆಯಿತು. ಎಲ್ಲಕ್ಕಿಂತ ಹೊಸ ಜಿಲ್ಲೆಗೆ ಹೊಸಪೇಟೆಯೇ ಕೇಂದ್ರವಾದದ್ದು ಗುಣವಾಚಕವೊಂದು ತಡವಾಗಿಯಾದರೂ ಕೆಲಸಕ್ಕೆ ಹಾಜರಾದ ಅಪರೂಪದ ಪ್ರಸಂಗ.

‘ಹಳೆ’ಯ ನಡತೆ ಇದರ ತದ್ವಿರುದ್ಧ. ಅದು ಹುಟ್ಟುವಾಗಲೇ ಮುದಿಯಾಗಿ ಹುಟ್ಟುತ್ತದೆ. ದೋರಸಮುದ್ರದಲ್ಲಿ ಹೊಯ್ಸಳರು ಆಳುತ್ತಿದ್ದಾಗ ಅದನ್ನು ಯಾರೂ ಹಳೇಬೀಡು ಎಂದಿರಲಾರರು. 1311ರಲ್ಲಿ ಮಲಿಕ್ ಕಾಫೂರನ ದಾಳಿ ನಡೆದು, ಮುಂದೆ ದೆಹಲಿಯ ಸೈನ್ಯ ಮತ್ತೊಮ್ಮೆ ಬಂದು, ಅರಸರು ಬೀಡು ಬಿಟ್ಟ ಮೇಲಷ್ಟೇ ಅದು ‘ಹಳೆ’ಯದಾಯಿತು. ಭಾಷೆಗೂ ಇದೇ ಗತಿ. ನಾವು ಹಳಗನ್ನಡ ಎನ್ನುವುದನ್ನು ಬರೆದವರಿಗೆ ಅದು ಅಚ್ಚ ಹೊಸ ಕನ್ನಡವೇ. ಚೋದ್ಯವೆಂದರೆ, ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’, ಕ್ರಿ.ಶ. 850ರ ಸುಮಾರಿನದು, ತನಗಿಂತ ಹಿಂದಿನ ‘ಪೞಗನ್ನಡ’ದ ಬಗ್ಗೆ ಮಾತಾಡುತ್ತದೆ. ಮೊದಲ ಪುಸ್ತಕ ಬರುವ ಹೊತ್ತಿಗೇ ಕನ್ನಡ ಹಳೆಯದಾಗಿತ್ತು ಎಂದು ಇದರಿಂದ ತಿಳಿಯುತ್ತದೆ.

ಸಾಹಿತ್ಯದವರಾದರೂ ಎಚ್ಚರ ವಹಿಸಬಹುದಿತ್ತು, ವಹಿಸಲಿಲ್ಲ. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಕಾಲದಲ್ಲಿ ಬಂದದ್ದು ನವೋದಯ. ಅದು ಹಳತಾಯಿತೆಂದು ಬಂದದ್ದು ನವ್ಯ. ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ 1954ರದ್ದು. ಆ ಲೆಕ್ಕದಲ್ಲಿ ನವ್ಯಕ್ಕೆ ಎಪ್ಪತ್ತು ದಾಟಿದೆ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹಿರಿಯ ನಾಗರಿಕರಿಗೆ ಸಿಗುವ ಶೇ 25ರ ರಿಯಾಯಿತಿಗೆ ಅದು ಎಂದೋ ಅರ್ಹವಾಗಿತ್ತು. ಆಮೇಲೆ ಬಂದದ್ದಕ್ಕೆ ‘ನವ್ಯೋತ್ತರ’ ಎಂದು ಹೆಸರಿಟ್ಟವರು ಹೊಸದರ ನಂತರದ್ದು ಎಂದು ಹೇಳಿ ಕೈತೊಳೆದುಕೊಂಡರು. ದಲಿತ, ಬಂಡಾಯದವರು ತಮ್ಮ ಹೆಸರಿನಲ್ಲಿ ‘ನವ’ ಸೇರಿಸದೆ ಬಿಟ್ಟದ್ದು ಭಾಷಾಶಾಸ್ತ್ರದ ದೃಷ್ಟಿಯಿಂದಲೂ ಜಾಣತನ.

ಈ ಸೂತ್ರದ ಪರಾಕಾಷ್ಠೆ ಇರುವುದು ಹುಬ್ಬಳ್ಳಿಯಲ್ಲಿ. ಅಲ್ಲಿ ಹಳೇ ಬಸ್ ಸ್ಟ್ಯಾಂಡ್ ಒಂದು, ಗೋಕುಲ ರಸ್ತೆಯಲ್ಲಿ ಹೊಸ ಬಸ್ ಸ್ಟ್ಯಾಂಡ್ ಇನ್ನೊಂದು. ಹಳೆಯದು ಶಿಥಿಲವಾಯಿತೆಂದು ಕೆಡವಿ, ಅದೇ ಜಾಗದಲ್ಲಿ ಹೊಸ ಕಟ್ಟಡ ಕಟ್ಟಿದರು. ಈಗ ಹಳೇ ಬಸ್ ಸ್ಟ್ಯಾಂಡಿನ ಗೋಡೆ ಹೊಸದು, ಹೊಸ ಬಸ್ ಸ್ಟ್ಯಾಂಡಿನ ಗೋಡೆ ಹಳೆಯದು. ಪರವೂರಿನವರು ಆಟೊ ಹತ್ತಿ ‘ಹೊಸದಾಗಿ ಕಟ್ಟಿದ ಬಸ್ ಸ್ಟ್ಯಾಂಡಿಗೆ ನಡೀರಿ’ ಎಂದರೆ ಚಾಲಕ ಒಮ್ಮೆ ಹಿಂದೆ ತಿರುಗಿ ನೋಡಿ, ‘ಯಾವ್ದ್ರೀ, ಹಳೇದೋ ಹೊಸದೋ?’ ಎಂದು ಕೇಳುತ್ತಾನೆ. ಈ ಪ್ರಶ್ನೆಯಲ್ಲಿ ಎಳ್ಳಷ್ಟೂ ವಿರೋಧಾಭಾಸ ಇಲ್ಲ. ಅವನಿಗೆ ಎರಡೂ ಪದಗಳು ಅಂಕಿತನಾಮ. ಪ್ರಯಾಣಿಕನೊಬ್ಬನೇ ಅವನ್ನು ಇನ್ನೂ ಗುಣವಾಚಕ ಎಂದುಕೊಂಡಿರುವುದು.

ಇಲ್ಲಿ ಶಾಸ್ತ್ರದ ಸಹಾಯ ಬೇಕಾಗುತ್ತದೆ. ಸಂಸ್ಕೃತ ಶಾಸ್ತ್ರಕಾರರು ಈ ಸಮಸ್ಯೆಯನ್ನು ಬಸ್ ಸ್ಟ್ಯಾಂಡ್ ಇಲ್ಲದ ಕಾಲದಲ್ಲೇ ಬಿಡಿಸಿಟ್ಟಿದ್ದಾರೆ. ದೇವದತ್ತನ ಮನೆ ಯಾವುದು ಎಂದು ಒಬ್ಬ ಕೇಳಿದ. ‘ಅಗೋ, ಕಾಗೆ ಕೂತಿದೆಯಲ್ಲ, ಅದು’ ಎಂದು ಇನ್ನೊಬ್ಬ ತೋರಿಸಿದ. ಕೇಳಿದವನು ಆ ಕಡೆ ನಡೆಯುವಷ್ಟರಲ್ಲಿ ಕಾಗೆ ಹಾರಿಹೋಯಿತು. ಹಾಗೆಂದು ದೇವದತ್ತ ನಿರ್ವಸಿತನಾಗಲಿಲ್ಲ. ಮನೆ ಗುರುತು ಸಿಕ್ಕಾಗಿತ್ತು. ವಸ್ತುವಿನಲ್ಲೇ ಇದ್ದು ಅದನ್ನು ಬೇರೆಯವುಗಳಿಂದ ಬೇರ್ಪಡಿಸುವುದು ವಿಶೇಷಣ. ಇಲ್ಲದೆ ಹೋದ ಮೇಲೂ ಗುರುತನ್ನು ಉಳಿಸಿ ಹೋಗುವುದು ಉಪಲಕ್ಷಣ. ಹಗಲು ಉಣ್ಣದೆಯೂ ದಪ್ಪಗಿರುತ್ತಾನೆಂದು ಮೀಮಾಂಸಕರು ಶತಮಾನಗಳಿಂದ ಅನುಮಾನಿಸುತ್ತ ಬಂದಿರುವ ದೇವದತ್ತನೇ ಇವನು ಎಂದು ತೋರುತ್ತದೆ. ಆದರೆ ಅದು ಬೇರೆ ಪ್ರಬಂಧದ ವಸ್ತು.

ಈ ಸಿದ್ಧಾಂತವನ್ನು ಕೈಯಲ್ಲಿ ಹಿಡಿದು ಬೆಂಗಳೂರಿಗೆ ಬಂದರೆ ಊರ ತುಂಬ ಹಾರಿಹೋದ ಕಾಗೆಗಳೇ. ಬಿಎಂಟಿಸಿ ಕಂಡಕ್ಟರ್ ಬಾಗಿಲಲ್ಲಿ ನೇತುಬಿದ್ದು ‘ಮೆಜೆಸ್ಟಿಕ್, ಮೆಜೆಸ್ಟಿಕ್’ ಎಂದು ಕೂಗುತ್ತಾನೆ. ಮೆಜೆಸ್ಟಿಕ್ ಎಂಬುದೊಂದು ಚಿತ್ರಮಂದಿರ, ಅದು ಈಗಿಲ್ಲ. ನಿಲ್ದಾಣದ ಅಧಿಕೃತ ಹೆಸರು ಕೆಂಪೇಗೌಡ ಬಸ್ ನಿಲ್ದಾಣ. ಅದು ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕೆರೆಯೂ ಈಗಿಲ್ಲ. ಇಲ್ಲದ ಕೆರೆಯ ಮೇಲೆ ಇರುವ ನಿಲ್ದಾಣಕ್ಕೆ ಇಲ್ಲದ ಚಿತ್ರಮಂದಿರದ ಹೆಸರಿನಲ್ಲಿ ಟಿಕೆಟ್ ಕೇಳಿ ಜನ ದಿನವೂ ಸರಿಯಾದ ಜಾಗಕ್ಕೇ ತಲುಪುತ್ತಾರೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐನಲ್ಲಿ ವಿಲೀನವಾಯಿತು. ಮೈಸೂರು ಬ್ಯಾಂಕ್ ಸರ್ಕಲ್ ಯಾವುದರಲ್ಲೂ ವಿಲೀನವಾಗಲಿಲ್ಲ. 2025ರಲ್ಲಿ ಮಹಾನಗರ ಪಾಲಿಕೆ ಐದು ಹೋಳಾಯಿತು. ಕಾರ್ಪೊರೇಷನ್ ಸರ್ಕಲ್ ಒಂದೇ ಇದೆ. ಕಬ್ಬನ್ ಪಾರ್ಕಿಗೆ 1927ರಲ್ಲೇ ಚಾಮರಾಜೇಂದ್ರ ಉದ್ಯಾನ ಎಂದು ಹೆಸರಿಟ್ಟದ್ದು ಅದರ ಬೆಂಚಿನ ಮೇಲೆ ಕೂತವರಲ್ಲಿ ಬಹುಪಾಲು ಮಂದಿಗೆ ಗೊತ್ತಿಲ್ಲ. ಹೆಸರಿಡುವ ಸಮಿತಿಗಳು ವಿಶೇಷಣವನ್ನು ಹುಡುಕುತ್ತವೆ. ದಾರಿ ಕೇಳುವವರಿಗೆ ಉಪಲಕ್ಷಣ ಸಾಕು. ಎರಡರ ನಡುವೆ ಸ್ಪರ್ಧೆಯಾದಾಗ ಸಮಿತಿ ಗೆದ್ದ ಉದಾಹರಣೆಗಳು ಕಡಿಮೆ.

ದಿಗ್ವಾಚಕಗಳನ್ನು ಮುಟ್ಟದೆ ಪ್ರಬಂಧ ಪೂರ್ಣವಾಗದು. ಮೂಡಣ, ಪಡುವಣ, ತೆಂಕಣ, ಬಡಗಣ ಎಂದು ಶಾಲೆಯಲ್ಲಿ ಕಲಿಸುವಾಗ ದಿಕ್ಕು ಸ್ಥಿರ ಎಂಬ ನಂಬಿಕೆ ಹುಟ್ಟುತ್ತದೆ. ಭೂಪಟ ಬಿಡಿಸಿದ ಕೂಡಲೇ ಅದು ಅಳಿಯುತ್ತದೆ. ಉತ್ತರ ಕನ್ನಡ ಜಿಲ್ಲೆ ಕನ್ನಡನಾಡಿನ ಉತ್ತರದಲ್ಲಿ ಇಲ್ಲ. ಅದರ ಉತ್ತರಕ್ಕೆ ಬೀದರಿನ ತನಕ ನಾಡು ಚಾಚಿದೆ. ದಕ್ಷಿಣ ಕನ್ನಡ ನಾಡಿನ ದಕ್ಷಿಣ ತುದಿಯಲ್ಲಿ ಇಲ್ಲ. ಚಾಮರಾಜನಗರ ಅದಕ್ಕಿಂತ ಕೆಳಗಿದೆ. ಇದರ ಮೂಲ ಕರಾವಳಿಯ ‘ಕೆನರಾ’. ಅದನ್ನು ಬ್ರಿಟಿಷರು ಉತ್ತರ, ದಕ್ಷಿಣ ಎಂದು ಸೀಳಿ, 1862ರಲ್ಲಿ ಉತ್ತರದ ತುಂಡನ್ನು ಮುಂಬೈ ಪ್ರಾಂತ್ಯಕ್ಕೆ ಕೊಟ್ಟರು. ಕೆನರಾ ಮಾಯವಾಗಿ ಅದರ ಜಾಗದಲ್ಲಿ ‘ಕನ್ನಡ’ ಬಂದು ಕೂತಿತು. ದಿಕ್ಕುಗಳು ಕೂತಲ್ಲೇ ಉಳಿದವು. 1997ರಲ್ಲಿ ಉಡುಪಿ ಬೇರೆಯಾದ ಮೇಲೆ ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ನಡುವೆ ದಿಕ್ಕಿಲ್ಲದ ಒಂದು ಜಿಲ್ಲೆ ಇದೆ. ‘ದಿಕ್ಕಿಲ್ಲದ’ ಎಂಬುದನ್ನು ಉಡುಪಿಯವರು ಇಲ್ಲಿ ವ್ಯಾಕರಣದ ಅರ್ಥದಲ್ಲಿ ಮಾತ್ರ ತೆಗೆದುಕೊಳ್ಳಬೇಕೆಂದು ವಿನಂತಿ.

ಕಾರ್ಕಳದ ಶಾಲೆಯ ಮಗುವೊಂದು ಬೆಳಿಗ್ಗೆ ಎದ್ದು ಅಂಗಳದಲ್ಲಿ ನಿಂತರೆ ಸೂರ್ಯ ಪಶ್ಚಿಮ ಘಟ್ಟದ ಹಿಂದಿನಿಂದ ಮೇಲೇರುತ್ತಾನೆ. ಅದೇ ಮಗು ಶಾಲೆಗೆ ಹೋಗಿ, ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದು ಬರೆದು ಪೂರ್ಣ ಅಂಕ ಪಡೆಯುತ್ತದೆ. ಕರಾವಳಿಯ ಹಿರಿಯರು ಈ ರಗಳೆಯೇ ಬೇಡವೆಂದು ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎಂಬ ಎರಡೇ ದಿಕ್ಕುಗಳನ್ನು ಇಟ್ಟುಕೊಂಡಿದ್ದಾರೆ.

ಅಂಕಿತನಾಮ ರೂಢನಾಮವಾಗಿ ಇಳಿಯುವ ಪ್ರಕ್ರಿಯೆಗೂ ಒಂದು ಸೂತ್ರ ಬರೆಯಬಹುದಿತ್ತು. ಆದರೆ ಜೆರಾಕ್ಸ್, ಡಾಲ್ಡಾಗಳ ಉದಾಹರಣೆ ಸವೆದು ಹೋಗಿದೆ. ತಾಜಾ ಪ್ರಯೋಗ ಬೇಕಾದವರು ಮಲೆನಾಡಿನ ತೋಟಗಳಿಗೆ ಹೋಗಬೇಕು. ಅಲ್ಲಿ ಚಕ್ರದ ಮೇಲೆ ಓಡುವ ಮಣ್ಣು ಅಗೆಯುವ ಯಂತ್ರ ಯಾವ ಕಂಪನಿಯದಾದರೂ ‘ಜೆಸಿಬಿ’. ಪಟ್ಟಿಯ ಮೇಲೆ ತೆವಳುವುದು ಯಾವ ಕಂಪನಿಯದಾದರೂ ‘ಹಿಟಾಚಿ’. ‘ಯಾವ ಕಂಪನಿ ಹಿಟಾಚಿ ತರ್ಸಿದ್ರಿ?’ ಎಂಬ ಪ್ರಶ್ನೆ ಅಡಕೆ ತೋಟದ ಬದುವಿನ ಮೇಲೆ ಸಂಪೂರ್ಣ ಅರ್ಥಬದ್ಧ. ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬ ಇಂಗ್ಲಿಷಿನವನ ಇನಿಷಿಯಲ್ಲುಗಳು ಕನ್ನಡದಲ್ಲಿ ಕ್ರಿಯಾಪದವೂ ಆಗುವ ಹಂತದಲ್ಲಿವೆ: ‘ಗುಡ್ಡ ಜೆಸಿಬಿ ಮಾಡ್ಸಿದ್ವಿ’.

ಹೋಟೆಲಿನ ಪ್ರಯೋಗಗಳನ್ನು ಹಸಿವಿನ ದೃಷ್ಟಿಯಿಂದ ಬೇಗ ಮುಗಿಸಲಾಗುವುದು. ‘ಖಾಲಿ ದೋಸೆ’ ಎಂದರೆ ತಟ್ಟೆ ಖಾಲಿ ಬರುವುದಿಲ್ಲ. ಆಲೂಗಡ್ಡೆ ಪಲ್ಯದ ಅಭಾವವೇ ಅಲ್ಲಿ ಗುಣ. ಮಂಗಳೂರು ಬಜ್ಜಿ ಎಂಬುದು ಮಂಗಳೂರು ಬಿಟ್ಟು ಬೇರೆಡೆ ಸಿಗುತ್ತದೆ. ಮಂಗಳೂರಿನಲ್ಲಿ ಸಿಗುವುದು ಗೋಳಿಬಜೆ. ಹೆಸರಿಗೆ ಅಂಟಿದ ಊರು ಆ ಊರಿನ ಹೊರಗೆ ಮಾತ್ರ ಕೆಲಸ ಮಾಡುತ್ತದೆ ಎಂಬುದು ಇದರಿಂದ ಸಿದ್ಧ. ಬೆಳಿಗ್ಗೆ ಹಾಲಿನ ಬೂತಿನ ಮುಂದೆ ‘ಅರ್ಧ ಲೀಟರ್ ನೀಲಿ ಹಾಲು’ ಎಂದು ಕೇಳುವ ಗೃಹಸ್ಥನಿಗೆ ಹಾಲು ಬೆಳ್ಳಗಿರುತ್ತದೆ ಎಂಬುದು ತಿಳಿಯದ ಸಂಗತಿಯೇನಲ್ಲ; ನಂದಿನಿ ಟೋನ್ಡ್ ಹಾಲಿನ ಪೊಟ್ಟಣದ ಬಣ್ಣ ಅದು. ಇನ್ನು ಇಡ್ಲಿ ತಿಂದು ‘ಸಖತ್ ಮೆತ್ತಗಿದೆ’ ಎಂದು ಹೊಗಳುವವರನ್ನು ನಿರುಕ್ತಕಾರರು ಕ್ಷಮಿಸಬೇಕು. ಪಾರ್ಸಿಯಿಂದ ಉರ್ದುವಿನ ಮೂಲಕ ಬಂದ ‘ಸಖ್ತ್’ ಅಂದರೆ ಗಟ್ಟಿ, ಬಿರುಸು. ಗಟ್ಟಿಯಾಗಿ ಮೆತ್ತಗಿರುವ ಇಡ್ಲಿಯನ್ನು ಕರ್ನಾಟಕ ದಿನವೂ ತಿನ್ನುತ್ತಿದೆ, ಯಾರ ಹಲ್ಲೂ ಮುರಿದಿಲ್ಲ.

ಸಮಾಸಪ್ರಕರಣದ ಒಂದು ತೊಡಕನ್ನು ಬಿಡಿಸಿ ಪ್ರಬಂಧವನ್ನು ಮುಗಿಸಬಹುದು. ‘ಹಳೇ ಮದ್ರಾಸ್ ರಸ್ತೆ’ಯಲ್ಲಿ ಹಳೆಯದು ಯಾವುದು? ರಸ್ತೆ ಎಂದು ಒಂದು ಪಕ್ಷ: ಮದ್ರಾಸಿಗೆ ಹೋಗುತ್ತಿದ್ದ ಹಳೆಯ ರಸ್ತೆ. ಮದ್ರಾಸು ಎಂದು ಇನ್ನೊಂದು ಪಕ್ಷ: 1996ರಲ್ಲಿ ಆ ಊರು ಚೆನ್ನೈ ಆದದ್ದರಿಂದ ಮದ್ರಾಸೂ ಹಳೆಯದೇ. ಮೊದಲ ಪಕ್ಷ ಸಾಧು. ಹಾಗಾದರೆ ‘ಹಳೇ ಏರ್‌ಪೋರ್ಟ್ ರಸ್ತೆ’? ಪದಗಳ ಕ್ರಮ ಅದೇ, ಬಿಡಿಸುವ ಕ್ರಮ ಬೇರೆ. ಇಲ್ಲಿ ಹಳತಾದದ್ದು ಏರ್‌ಪೋರ್ಟು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದು, ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದ ಪ್ರಯಾಣಿಕ ವಿಮಾನಗಳೆಲ್ಲ ಅಲ್ಲಿಗೆ ಹೋದ ಮೇಲೆ, ಅಲ್ಲಿಯವರೆಗೆ ಬರೀ ‘ಏರ್‌ಪೋರ್ಟ್ ರೋಡ್’ ಆಗಿದ್ದ ರಸ್ತೆಗೆ ಈ ವಿಶೇಷಣ ಅಂಟಿತು. ಮೊದಲನೆಯದರಲ್ಲಿ ‘ಹಳೇ’ ಒಂದು ಪದ ದಾಟಿ ಹೋಗಿ ರಸ್ತೆಗೆ ಕೂಡುತ್ತದೆ. ಎರಡನೆಯದರಲ್ಲಿ ಪಕ್ಕದ ಪದಕ್ಕೇ ಕೂಡಿಕೊಳ್ಳುತ್ತದೆ. ಎರಡೂ ರಸ್ತೆಗಳು ಹಲಸೂರಿನ ಆಚೆ ಹೆಚ್ಚು ದೂರವಿಲ್ಲದೆ ಒಂದೇ ದಿಕ್ಕಿಗೆ ಸಾಗುತ್ತವೆ. ವ್ಯಾಕರಣ ಭೇದ ದೊಡ್ಡದು, ಟ್ರಾಫಿಕ್ ಒಂದೇ.

ಇದಕ್ಕೆ ಹೊಂದಿಕೊಂಡ ಹೊರವರ್ತುಲ ರಸ್ತೆಯ ಸಂಗತಿಯೂ ಗಮನಾರ್ಹ. 1990ರ ದಶಕದಲ್ಲಿ ಊರ ಹೊರಗೆ ಲಾರಿಗಳು ಸುತ್ತಿಹೋಗಲಿ ಎಂದು ಶುರುಮಾಡಿದ ‘ಔಟರ್ ರಿಂಗ್ ರೋಡ್’ ಈಗ ಊರ ನಡುವೆ ಸಿಕ್ಕಿಬಿದ್ದಿದೆ. ಅದರ ಹೊರಗೆ ಇನ್ನೊಂದು, ಅದರಾಚೆ ಮತ್ತೊಂದು ವರ್ತುಲ ಬಂದರೂ ಬರುತ್ತಿದ್ದರೂ, ‘ಔಟರ್’ ಎಂಬ ಬಿರುದನ್ನು ಮೊದಲಿನದು ಬಿಟ್ಟುಕೊಡುವ ಲಕ್ಷಣ ಇಲ್ಲ.

ಸರ್ಕಾರ ಬೆಂಗಳೂರಿಗೆ ಎರಡನೆಯ ವಿಮಾನ ನಿಲ್ದಾಣ ಕಟ್ಟಲು ಜಾಗ ನೋಡುತ್ತಿದೆ. ಅದು ಬಂದ ದಿನ ಈಗಿನ ಏರ್‌ಪೋರ್ಟ್ ರಸ್ತೆಯೂ ಹಳೇ ಏರ್‌ಪೋರ್ಟ್ ರಸ್ತೆಯಾದರೆ, ಒಂದೇ ಊರಿನಲ್ಲಿ ಆ ಹೆಸರಿನ ರಸ್ತೆಗಳು ಎರಡಾಗುತ್ತವೆ. ಮೊದಲಿನದನ್ನು ‘ಹಳೇ ಹಳೇ ಏರ್‌ಪೋರ್ಟ್ ರಸ್ತೆ’ ಎನ್ನಬೇಕೋ, ಅಥವಾ ಅದು ‘ದೊಡ್ಡ’, ಇದು ‘ಚಿಕ್ಕ’ ಎಂದು ಮೊದಲ ಸೂತ್ರಕ್ಕೆ ಮರಳಬೇಕೋ ಎಂಬುದನ್ನು ಸಂಬಂಧಪಟ್ಟವರು ಈಗಲೇ ಯೋಚಿಸುವುದು ಒಳ್ಳೆಯದು. ಅಲ್ಲಿಯ ತನಕ ಬೆಂಗಳೂರಿಗೆ ಕಾಗದ ಬರೆಯುವವರು ದಯವಿಟ್ಟು ಪಿನ್‌ಕೋಡ್ ಬರೆಯಲು ಮರೆಯಬಾರದು. 1972ರ ಆಗಸ್ಟ್ 15ರಿಂದ ಜಾರಿಯಲ್ಲಿರುವ ಆ ಆರು ಅಂಕಿಗಳಲ್ಲಿ ಗುಣವಾಚಕ ಒಂದೂ ಇಲ್ಲ.